ಗ್ರೇಸನ್ ಕರ್ಕ್: ರಾಷ್ಟ್ರಗಳ ಸಂಧಾನ ಬಲ್ಲವರು, ವಿದ್ಯಾಲಯದ ಅಂಗಳದಲ್ಲಿ

ನನ್ನ ತರಗತಿಯಲ್ಲಿ ವಿಶ್ವಸಂಸ್ಥೆಯ ಪಾಠ ಕೇಳಿದವರು ಡಂಬರ್ಟನ್ ಓಕ್ಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನಗಳ ಹೆಸರನ್ನು ಮರೆತಿರಲಾರರು. ನಮ್ಮ ಪಠ್ಯಪುಸ್ತಕವು ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಎಂಬ ಮೂರು ಹೆಸರುಗಳಲ್ಲೇ ನಿಂತುಬಿಡುತ್ತಿತ್ತು. ಆ ಸಮ್ಮೇಳನಗಳಲ್ಲಿ ತೆರೆಯ ಹಿಂದೆ ದುಡಿದ ವಿದ್ವಾಂಸರು ಅನೇಕರು. ಅವರಲ್ಲೊಬ್ಬರಾದ ಗ್ರೇಸನ್ ಕರ್ಕ್ ಅವರ ವೃತ್ತಿಜೀವನವು ಅಧ್ಯಾಪಕ ವೃತ್ತಿಯಲ್ಲಿರುವ ಎಲ್ಲರೂ ಅರಿಯಬೇಕಾದದ್ದು.

ಕರ್ಕ್ 1903ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಜನಿಸಿದರು. 1930ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಅಲ್ಲಿಯೇ ಬೋಧಿಸಿದರು. ಫಿಲಿಪ್ಪೀನ್ಸ್ ಸ್ವಾತಂತ್ರ್ಯದ ಪ್ರಶ್ನೆಯನ್ನು ಕುರಿತ ಅವರ ಗ್ರಂಥ 1936ರಲ್ಲಿ ಹೊರಬಂದಿತು. 1940ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯವನ್ನು ಸೇರಿದರು. ಯುದ್ಧಕಾಲದಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಗೆ ಕರೆಸಿಕೊಳ್ಳಲ್ಪಟ್ಟು, 1944ರ ಡಂಬರ್ಟನ್ ಓಕ್ಸ್ ಮಾತುಕತೆಯಲ್ಲಿಯೂ 1945ರ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನದಲ್ಲಿಯೂ ಕಾರ್ಯನಿರ್ವಹಿಸಿದರು. ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನವು ಸ್ವತಂತ್ರ ಶಾಸ್ತ್ರವಾಗಿ ಬೆಳೆಯುತ್ತಿದ್ದ ದಿನಗಳವು. ಅಮೆರಿಕದ ಕಾಲೇಜುಗಳಲ್ಲಿ ಅದರ ಬೋಧನೆ ಹೇಗಿದೆ ಎಂಬುದನ್ನು ಪರಿಶೀಲಿಸಿ ಅವರು 1947ರಲ್ಲಿ ಒಂದು ಕೃತಿಯನ್ನು ಪ್ರಕಟಿಸಿದರು.

ಆಗ ಕೊಲಂಬಿಯದ ಅಧ್ಯಕ್ಷರಾಗಿದ್ದವರು ಜನರಲ್ ಐಸೆನ್‌ಹೋವರ್. 1951ರಲ್ಲಿ ಅವರು ನ್ಯಾಟೊ ಸೇನೆಯ ಹೊಣೆ ಹೊತ್ತು ಯೂರೋಪಿಗೆ ತೆರಳಿದಾಗ ವಿಶ್ವವಿದ್ಯಾಲಯದ ಆಡಳಿತ ಕರ್ಕ್ ಅವರ ಕೈಗೆ ಬಂದಿತು. ನಮ್ಮ ಡಾ. ಅಂಬೇಡ್ಕರ್ ಅವರಿಗೆ 1952ರ ಜೂನ್ 5ರಂದು ಕೊಲಂಬಿಯ ಗೌರವ ಡಾಕ್ಟರೇಟ್ ನೀಡಿದ್ದು ಈ ಅವಧಿಯಲ್ಲಿಯೇ. ಐಸೆನ್‌ಹೋವರ್ ರಾಷ್ಟ್ರಾಧ್ಯಕ್ಷರಾದ 1953ರಲ್ಲಿ ಕರ್ಕ್ ವಿಶ್ವವಿದ್ಯಾಲಯದ ಪೂರ್ಣಾಧಿಕಾರದ ಅಧ್ಯಕ್ಷರಾದರು.

ಮುಂದಿನ ಹದಿನೈದು ವರ್ಷಗಳ ಆಡಳಿತ 1968ರಲ್ಲಿ ಒಂದೇ ವಾರದೊಳಗೆ ಕುಸಿಯಿತು. ಕಾರಣಗಳು ಮುಖ್ಯವಾಗಿ ಎರಡು. ನೆರೆಯ ಹಾರ್ಲೆಮ್‌ನ ಕಪ್ಪು ಜನರೂ ಬಳಸುತ್ತಿದ್ದ ಮಾರ್ನಿಂಗ್‌ಸೈಡ್ ಉದ್ಯಾನದಲ್ಲಿ ವಿಶ್ವವಿದ್ಯಾಲಯವು ವ್ಯಾಯಾಮಶಾಲೆಯೊಂದನ್ನು ಕಟ್ಟತೊಡಗಿತ್ತು. ಗುಡ್ಡದ ಮೇಲಿನ ಬಾಗಿಲು ವಿದ್ಯಾರ್ಥಿಗಳಿಗೆ, ಕೆಳಗಿನ ಬಾಗಿಲೂ ಕಟ್ಟಡದ ಸಣ್ಣದೊಂದು ಭಾಗವೂ ಹಾರ್ಲೆಮ್ ಜನರಿಗೆ. ಎರಡನೆಯದು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆಗಾಗಿ ಸಂಶೋಧನೆ ನಡೆಸುತ್ತಿದ್ದ ಸಂಸ್ಥೆಯೊಂದಿಗೆ ಕೊಲಂಬಿಯಕ್ಕೂ ಸ್ವತಃ ಕರ್ಕ್ ಅವರಿಗೂ ಇದ್ದ ಸಂಬಂಧ.

ಏಪ್ರಿಲ್ 23ರಂದು ಆರಂಭವಾದ ಪ್ರತಿಭಟನೆಯಲ್ಲಿ ವಿದ್ಯಾರ್ಥಿಗಳು ಐದು ಕಟ್ಟಡಗಳನ್ನು ವಶಪಡಿಸಿಕೊಂಡರು. ಅಧ್ಯಕ್ಷರ ಕಚೇರಿಯನ್ನೂ ಬಿಡಲಿಲ್ಲ. ಅಧ್ಯಾಪಕರು ಮಧ್ಯಸ್ಥಿಕೆಗೆ ಶ್ರಮಿಸಿದರು. ಪಾಲ್ಗೊಂಡವರನ್ನು ಶಿಕ್ಷಿಸಬಾರದೆಂಬ ಬೇಡಿಕೆಗೆ ಕರ್ಕ್ ಒಪ್ಪಲಿಲ್ಲ, ವಿದ್ಯಾರ್ಥಿಗಳು ಅದನ್ನು ಬಿಡಲಿಲ್ಲ. ಏಪ್ರಿಲ್ 30ರ ನಸುಕಿಗೆ ಮುನ್ನ ಪೊಲೀಸರು ಒಳನುಗ್ಗಿದರು. ಸುಮಾರು 700 ಮಂದಿ ಬಂಧಿತರಾದರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಆ ವರ್ಷದ ಪದವಿಪ್ರದಾನ ಸಮಾರಂಭದಲ್ಲಿ ಭಾಷಣ ಮಾಡಿದವರು ಕರ್ಕ್ ಅಲ್ಲ, ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟಾಟರ್. ಆಗಸ್ಟ್ ತಿಂಗಳಲ್ಲಿ ಕರ್ಕ್ ನಿವೃತ್ತರಾದರು. ವ್ಯಾಯಾಮಶಾಲೆಯ ಯೋಜನೆಯೂ ಕೈಬಿಟ್ಟುಹೋಯಿತು.

ಕರ್ಕ್ ಅವರನ್ನು ಖಳನೆಂದು ಕರೆಯುವುದು ನ್ಯಾಯವಲ್ಲ. ಕಚೇರಿಗೆ ನುಗ್ಗಿದವರನ್ನು ಪ್ರಶ್ನಿಸದೆ ಬಿಟ್ಟರೆ ಯಾವ ವಿದ್ಯಾಲಯವೂ ನಡೆಯದೆಂಬ ಅವರ ವಾದದಲ್ಲಿ ಹುರುಳಿತ್ತು. ಆದರೆ ಘಟನೆಯನ್ನು ವಿಚಾರಿಸಿದ ಆರ್ಚಿಬಾಲ್ಡ್ ಕಾಕ್ಸ್ ಆಯೋಗವು ಆಡಳಿತದ ಅಧಿಕಾರಶಾಹಿ ಧೋರಣೆಯೇ ಅಪನಂಬಿಕೆಯನ್ನು ಬೆಳೆಸಿತೆಂದು ಅಭಿಪ್ರಾಯಪಟ್ಟಿತು. ಏಪ್ರಿಲ್ ತಿಂಗಳ ಆ ಬಿಕ್ಕಟ್ಟಿಗೆ ಮುನ್ನ ವಿದ್ಯಾರ್ಥಿ, ಅಧ್ಯಾಪಕ, ಆಡಳಿತಗಾರರು ಒಟ್ಟಿಗೆ ಕುಳಿತು ಮಾತನಾಡುವ ಸೆನೆಟ್ ಅಲ್ಲಿರಲಿಲ್ಲ. ಅಂಥ ಸೆನೆಟ್ ರೂಪುಗೊಂಡದ್ದು 1969ರಲ್ಲಿ.

ವಿಶ್ವಸಂಸ್ಥೆಯ ಸನ್ನದಿನ 33ನೆಯ ವಿಧಿಯು, ವಿವಾದದಲ್ಲಿ ತೊಡಗಿದವರು ಎಲ್ಲಕ್ಕಿಂತ ಮೊದಲು ಮಾತುಕತೆ, ವಿಚಾರಣೆ, ಮಧ್ಯಸ್ಥಿಕೆ, ಪಂಚಾಯಿತಿಗಳ ಮೂಲಕ ಪರಿಹಾರ ಅರಸಬೇಕೆನ್ನುತ್ತದೆ. ಆ ಸನ್ನದು ಸಿದ್ಧವಾದ ಸಮ್ಮೇಳನದಲ್ಲಿ ದುಡಿದ ವಿದ್ವಾಂಸರ ವಿದ್ಯಾಲಯದಲ್ಲಿಯೇ ಅಂಥ ವ್ಯವಸ್ಥೆ ತಡವಾಗಿ ಬಂದದ್ದು ನನ್ನನ್ನು ಬಹಳವಾಗಿ ಕಾಡುತ್ತದೆ. ಕರ್ಕ್ 1997ರಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ ನಿಧನರಾದರು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಮುಖ್ಯೋಪಾಧ್ಯಾಯರು, ಪ್ರಾಂಶುಪಾಲರು. ಮಕ್ಕಳ ದೂರು ಹೇಳಲು ನಿಮ್ಮ ಶಾಲೆಯಲ್ಲಿ ಒಂದು ಬಾಗಿಲು ಸದಾ ತೆರೆದಿದೆಯೇ ಎಂಬುದನ್ನು ಬಿಡುವಿನಲ್ಲಿ ಒಮ್ಮೆ ನೋಡಿಕೊಳ್ಳಿರಿ.