ವಿಕಾರಾಬಾದಿನಲ್ಲಿ ಕವಲೊಡೆದ ಹಳಿ

ತಾರ್ನಾಕದಲ್ಲಿ ನನ್ನೂರು ಬೀದರ್ ಎಂದರೆ "ಬಾಜೂಮೇಚ್ ಹೈ ನಾ" ಅನ್ನುತ್ತಾರೆ. ಬೆಂಗಳೂರಿನಲ್ಲಿ ಅದೇ ಹೆಸರು ಹೇಳಿದರೆ "ಅಯ್ಯೋ, ಅಷ್ಟು ದೂರವೇ" ಎನ್ನುತ್ತಾರೆ. ಎರಡೂ ಮಾತು ನಿಜ. ಇದರ ಹಿಂದೆ ಒಂದು ಕವಲು ರೈಲು ಮಾರ್ಗದ ಚರಿತ್ರೆಯಿದೆ.

1871ರಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಆ ದಾರಿ ಕಲಬುರಗಿ, ವಾಡಿಗಳ ಮೇಲೆ ಹೋಯಿತೇ ಹೊರತು ಹೈದರಾಬಾದನ್ನು ಮುಟ್ಟಲಿಲ್ಲ. ಹಾಗಾಗಿ ನಿಜಾಮ್ ಸರ್ಕಾರದ ಹಣದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿದರು. 1874ರಲ್ಲಿ ರೈಲು ಓಡಿತು. ಚಿತ್ತಾಪುರ, ಸೇಡಂ ಈ ಮಾರ್ಗದಲ್ಲಿದ್ದವು. ಒಂದು ಕಾಲಕ್ಕೆ ಬಹಮನಿಗಳ ರಾಜಧಾನಿಯಾಗಿದ್ದ ಬೀದರ್ ಮಾತ್ರ ಇನ್ನೂ ಐವತ್ತು ವರ್ಷಕ್ಕೂ ಹೆಚ್ಚು ಕಾಯಿತು. ನಿಜಾಮ್ ಸರ್ಕಾರ ಇಂಗ್ಲಿಷ್ ಕಂಪನಿಯಿಂದ ರೈಲ್ವೆಯನ್ನು ಕೊಂಡುಕೊಂಡದ್ದು 1930ರಲ್ಲಿ. ಸರಿಸುಮಾರು ಅದೇ ಹೊತ್ತಿಗೆ ವಿಕಾರಾಬಾದಿನಲ್ಲಿ ಕವಲೊಡೆದ ಹಳಿ ಜಹೀರಾಬಾದ್ ದಾಟಿ ಬೀದರಿಗೆ ಬಂತು. ಮುಂದೆ ಅದು ಉದಗೀರ್ ಮೂಲಕ ಪರಳಿಯವರೆಗೆ ಬೆಳೆಯಿತು. ರಾಜಧಾನಿ ಹೈದರಾಬಾದ್, ಹಳಿಯ ಮುಖವೂ ಅತ್ತಲೇ. ಪಕ್ಕದ ಕಲಬುರಗಿಗೆ ನೇರ ದಾರಿ ಆಗಲಿಲ್ಲ.

1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯೇ ಒಡೆಯಿತು. ಜಹೀರಾಬಾದ್ ಆಂಧ್ರಕ್ಕೆ, ಉದಗೀರ್ ಮುಂಬೈ ರಾಜ್ಯಕ್ಕೆ, ಬೀದರ್ ಮೈಸೂರಿಗೆ ಸೇರಿದವು. ಒಂದೇ ಸಂಸ್ಥಾನದ ಕವಲು ಮಾರ್ಗ ಮೂರು ರಾಜ್ಯಗಳಲ್ಲಿ ಹಂಚಿಹೋಯಿತು. ರಾಜಧಾನಿ ಬೆಂಗಳೂರಾಯಿತು, ಹಳಿ ಮಾತ್ರ ಇದ್ದಲ್ಲೇ ಇತ್ತು. ಬೀದರಿನಿಂದ ರೈಲಿನಲ್ಲಿ ಕಲಬುರಗಿಗೆ ಹೋಗಬೇಕೆಂದರೆ ಮೊದಲು ರಾಜ್ಯ ಬಿಟ್ಟು ವಿಕಾರಾಬಾದಿಗೆ ಹೋಗಿ, ತಾಂಡೂರು, ಸೇಡಂ, ವಾಡಿ ಸುತ್ತಿ ಬರಬೇಕು. ಸುಮಾರು 110 ಕಿಲೋಮೀಟರಿನ ನೇರ ಮಾರ್ಗಕ್ಕೆ ಚಾಲನೆ ಸಿಕ್ಕಿದ್ದು 2017ರ ಅಕ್ಟೋಬರ್ 29ರಂದು. ಏಕೀಕರಣವಾಗಿ ಅರವತ್ತೊಂದು ವರ್ಷ ತುಂಬುತ್ತಿತ್ತು.

ಆ ಅರವತ್ತು ವರ್ಷಗಳಲ್ಲಿ ನಮ್ಮ ಮನೆಯವರು ದವಾಖಾನೆಗೆ, ಮದುವೆಯ ಬಟ್ಟೆಗೆ, ನೌಕರಿಗೆ ಹೈದರಾಬಾದಿಗೇ ಬಂದರು. ಅಪ್ಪ "ಶಹರಕ್ಕೆ ಹೋಗಿ ಬರ್ತೀನಿ" ಅಂದರೆ ಯಾವ ಶಹರ ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಅದೇ ರೈಲು ಹತ್ತಿ ಓದಲು ಬಂದು ಇಲ್ಲೇ ಉಳಿದೆ. ಇಲ್ಲಿನ ಕನ್ನಡ ಕೂಟಗಳಲ್ಲಿ ನಮ್ಮನ್ನು ಹೊರನಾಡ ಕನ್ನಡಿಗರು ಅನ್ನುವಾಗ ನನಗೆ ಕೊಂಚ ಗೊಂದಲವಾಗುತ್ತದೆ. ನಮ್ಮವರು ಈ ದಾರಿಯಲ್ಲಿ ಓಡಾಡತೊಡಗಿದಾಗ ನಡುವೆ ಗಡಿಯೇ ಇರಲಿಲ್ಲ.

ಕಲಬುರಗಿಯಲ್ಲಿ ಓದುವ ನನ್ನ ಅಣ್ಣನ ಮಗಳು ಈಗ ಹೊಸ ಮಾರ್ಗದಲ್ಲೇ ಊರಿಗೆ ಬರುತ್ತಾಳೆ. ಮುಂದಿನ ನೌಕರಿ ಬೆಂಗಳೂರಿನಲ್ಲಂತೆ. ತಾರ್ನಾಕ ಅವಳಿಗೆ ಕಾಕಾನ ಮನೆಯಿರುವ ಊರು, ಅಷ್ಟೇ.