ಲಿನಕ್ಸ್‌ನಲ್ಲಿ ಜಾವಾ ಆ್ಯಪ್ ತೆರೆದರೆ ಬರೀ ಬೂದು ವಿಂಡೋ! ಕಾರಣವೇನು, ಪರಿಹಾರವೇನು?

ಹಳೆಯ ಲ್ಯಾಪ್‌ಟಾಪ್‌ಗೆ ಭಾರವಾಗದಿರಲಿ ಎಂದು ಗ್ನೋಮ್, ಕೆಡಿಇ ಬಿಟ್ಟು ಡಿಡಬ್ಲ್ಯೂಎಂ, ಎಕ್ಸ್‌ಮೊನಾಡ್‌ನಂಥ ಹಗುರವಾದ ವಿಂಡೋ ಮ್ಯಾನೇಜರ್‌ಗಳನ್ನು ಹಾಕಿಕೊಂಡವರಿಗೆ ಈ ತೊಂದರೆ ಗೊತ್ತಿರುತ್ತದೆ. ಬ್ರೌಸರ್, ಟರ್ಮಿನಲ್ ಎಲ್ಲ ಚೆನ್ನಾಗಿಯೇ ಓಡುತ್ತವೆ. ಜಾವಾದಲ್ಲಿ ಬರೆದ ಆ್ಯಪ್ ತೆರೆದರೆ ಮಾತ್ರ ಖಾಲಿ ಬೂದು ವಿಂಡೋ. ಕೆಲವೊಮ್ಮೆ ಮೆನು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಆ್ಯಪ್ ಕೆಟ್ಟಿದೆ ಎಂದು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ.

ಎಕ್ಸ್11 ವ್ಯವಸ್ಥೆಯಲ್ಲಿ ಹೆಚ್ಚಿನ ವಿಂಡೋ ಮ್ಯಾನೇಜರ್‌ಗಳು ಆ್ಯಪ್‌ನ ವಿಂಡೋವನ್ನು ತಮ್ಮದೇ ಒಂದು ಚೌಕಟ್ಟಿನೊಳಗೆ ಕೂರಿಸುತ್ತವೆ. ಟೈಟಲ್ ಬಾರ್, ಮುಚ್ಚುವ ಬಟನ್ ಇರುವುದು ಆ ಚೌಕಟ್ಟಿನಲ್ಲೇ. ಇದಕ್ಕೆ ರೀಪೇರೆಂಟಿಂಗ್ ಎಂದು ಹೆಸರು. ಡಿಡಬ್ಲ್ಯೂಎಂ ಮಾದರಿಯವು ಚೌಕಟ್ಟು ಹಾಕುವುದೇ ಇಲ್ಲ. ಜಾವಾ ಮಾತ್ರ ಚೌಕಟ್ಟು ಇದ್ದೇ ಇರುತ್ತದೆ ಎಂದು ನಂಬಿ ಲೆಕ್ಕ ಹಾಕುತ್ತದೆ, ಅಳತೆ ತಪ್ಪುತ್ತದೆ.

ಚೌಕಟ್ಟಿಲ್ಲದ ಕೆಲವು ಮ್ಯಾನೇಜರ್‌ಗಳ ಹೆಸರುಗಳು ಜಾವಾದೊಳಗೇ ಬರೆದಿವೆ. ಅದರಲ್ಲಿ ಒಂದು ಎಲ್‌ಜಿ3ಡಿ. ಇದು ಜಾವಾವನ್ನು ರೂಪಿಸಿದ ಸನ್ ಮೈಕ್ರೋಸಿಸ್ಟಮ್ಸ್ 2000ರ ದಶಕದಲ್ಲಿ ಪ್ರಯೋಗಿಸಿದ, ಈಗ ಯಾರೂ ಬಳಸದ ಲುಕಿಂಗ್ ಗ್ಲಾಸ್ ಎಂಬ ಮೂರು ಆಯಾಮದ ಡೆಸ್ಕ್‌ಟಾಪ್. ಹೀಗಾಗಿ ಡಬ್ಲ್ಯೂಎಂನೇಮ್ ಎಂಬ ಪುಟ್ಟ ಟೂಲ್‌ನಿಂದ ತಮ್ಮ ಮ್ಯಾನೇಜರ್‌ಗೆ 'ಎಲ್‌ಜಿ3ಡಿ' ಎಂದು ಹೆಸರಿಟ್ಟು ಜಾವಾವನ್ನು ನಂಬಿಸುವ ಉಪಾಯ ಬಹುಕಾಲ ನಡೆಯಿತು. ಕೆಲಸವೇನೋ ಆಗುತ್ತದೆ; ಆದರೆ ಆ ಸುಳ್ಳು ಹೆಸರನ್ನು ಬೇರೆ ಆ್ಯಪ್‌ಗಳೂ ಓದುತ್ತವೆ.

ಅದಕ್ಕಿಂತ ನೇರವಾದ ದಾರಿ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್. ಜಾವಾ, ಎಡಬ್ಲ್ಯೂಟಿ, ಡಬ್ಲ್ಯೂಎಂ, ನಾನ್‌ರೀಪೇರೆಂಟಿಂಗ್ ಎಂಬ ನಾಲ್ಕು ಪದಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್ ಹಾಕಿ ಬರೆದು ಬೆಲೆಯನ್ನು 1 ಎಂದು ಕೊಡಬೇಕು. ಮೊದಲ ಪದದ ಹಿಂದೆಯೂ ಒಂದು ಅಂಡರ್‌ಸ್ಕೋರ್ ಇದೆ. ಬಹಳ ಮಂದಿ ತಪ್ಪುವುದು ಇಲ್ಲೇ. ಮೊದಲು ಟರ್ಮಿನಲ್‌ನಲ್ಲಿ ಆ್ಯಪ್‌ನ ಕಮಾಂಡ್‌ಗೆ ಮುಂಚೆ ಇದನ್ನು ಸೇರಿಸಿ ಪರೀಕ್ಷಿಸಿ. ಸರಿಹೋದರೆ, ವಿಂಡೋ ಮ್ಯಾನೇಜರ್ ಶುರುವಾಗುವ ಮೊದಲೇ ಓದಲಾಗುವ ಸ್ಟಾರ್ಟಪ್ ಫೈಲ್‌ನಲ್ಲಿ ಎಕ್ಸ್‌ಪೋರ್ಟ್ ಸಾಲಾಗಿ ಹಾಕಿ. ಟರ್ಮಿನಲ್ ತೆರೆದಾಗ ಮಾತ್ರ ಓದುವ ಫೈಲ್‌ನಲ್ಲಿಟ್ಟರೆ ಮೆನುವಿನಿಂದ ತೆರೆದ ಆ್ಯಪ್‌ಗೆ ಅದು ತಲುಪುವುದಿಲ್ಲ.

ವೇಲ್ಯಾಂಡ್‌ನ ಸ್ವೇ ಬಳಸುವವರಿಗೂ ಇದೇ ಮದ್ದು. ಅಲ್ಲಿ ಇಂಥ ಜಾವಾ ಆ್ಯಪ್‌ಗಳು ಎಕ್ಸ್‌ವೇಲ್ಯಾಂಡ್ ಮೂಲಕವೇ ಓಡುತ್ತವೆ. ಗ್ನೋಮ್, ಕೆಡಿಇಗಳಿಗೆ ಈ ಸಾಲು ಬೇಡ. ಎರಡೂ ಬಗೆಯ ಡೆಸ್ಕ್‌ಟಾಪ್ ಇಟ್ಟುಕೊಂಡವರು ಇದನ್ನು ಹಗುರ ಮ್ಯಾನೇಜರ್‌ನ ಸ್ಟಾರ್ಟಪ್ ಫೈಲ್‌ಗಷ್ಟೇ ಸೀಮಿತಗೊಳಿಸುವುದು ಒಳ್ಳೆಯದು.