ಸೂಜಿ ಹಾಕಿಕೊಂಡರೂ ಇಳಿಯದ ಸಕ್ಕರೆ

ಚಿಟಗುಪ್ಪ, ಹುಮನಾಬಾದ್ ಕಡೆ ಮಧುಮೇಹವನ್ನು ಆ ಹೆಸರಿನಿಂದ ಕರೆಯುವವರು ಕಡಿಮೆ. ಅದು ‘ಸಕ್ರಿ ಬ್ಯಾನಿ’, ಇಲ್ಲವೇ ಬರೀ ‘ಶುಗರ್’. ಗುಳಿಗೆಯಿಂದ ಹತೋಟಿಗೆ ಬಾರದೆ ಇನ್ಸುಲಿನ್ ಸೂಜಿಗೆ ಬಂದವರ ಮನೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ: ‘ದಿನಾ ಸೂಜಿ ತಗೋತಾರ, ಆದ್ರೂ ಶುಗರ್ ಇಳೀವಲ್ದು.’ ಇದಕ್ಕೆ ಎರಡು ಉತ್ತರಗಳು ಸಿದ್ಧವಾಗಿಯೇ ಇರುತ್ತವೆ. ಔಷಧಿ ನಾಟುತ್ತಿಲ್ಲ ಎಂಬುದು ಒಂದು. ರೋಗಿ ಕದ್ದು ಸಿಹಿ ತಿನ್ನುತ್ತಾನೆ ಎಂಬುದು ಇನ್ನೊಂದು. ಇನ್ಸುಲಿನ್ನಿನ ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ ಕಾರಣಗಳು ಇನ್ನೂ ಬಹಳ ಇವೆ. ಅವುಗಳಲ್ಲಿ ಹಲವನ್ನು ಮನೆಯಲ್ಲೇ ಪತ್ತೆ ಹಚ್ಚಬಹುದು.

ಈ ಸೀಮೆಗೆ ಸಿಹಿ ಹೊಸದೇನಲ್ಲ. ಪಕ್ಕದ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, 12ನೇ ಶತಮಾನದಲ್ಲಿ, ಮೂರನೇ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಭಕ್ಷ್ಯಗಳ ದೊಡ್ಡ ವರ್ಣನೆಯೇ ಇದೆ. ರೋಗವೂ ಹಳೆಯದು. ಜೇನಿನಂತಹ ಮೂತ್ರ, ಅದಕ್ಕೆ ಮುತ್ತುವ ಇರುವೆಗಳು ನಮ್ಮ ಪ್ರಾಚೀನ ವೈದ್ಯರಿಗೆ ಗೊತ್ತಿದ್ದವು. ಹುಟ್ಟಿನಿಂದ ಬರುವುದು ಒಂದು, ಅಪಥ್ಯದಿಂದ ಬರುವುದು ಇನ್ನೊಂದು ಎಂದು ಸುಶ್ರುತ ಸಂಹಿತೆ ಪ್ರಮೇಹವನ್ನು ವಿಂಗಡಿಸುತ್ತದೆ. ಮೊದಲನೆಯದರಲ್ಲಿ ರೋಗಿ ಕೃಶ, ಎರಡನೆಯದರಲ್ಲಿ ಸ್ಥೂಲ. ಇಂದಿನ ವೈದ್ಯರು ಟೈಪ್ 1, ಟೈಪ್ 2 ಎನ್ನುವಾಗ ಈ ವಿಂಗಡಣೆ ನೆನಪಾಗದೆ ಇರದು.

ಟೈಪ್ 1 ರೋಗ ಬಂದ ಮಕ್ಕಳ ಪಾಲಿಗೆ 1922ರವರೆಗೆ ಇದ್ದ ಚಿಕಿತ್ಸೆ ಎಂದರೆ ಉಪವಾಸ. ಅದರಿಂದ ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ ಆಯುಸ್ಸು ಸಿಗುತ್ತಿತ್ತು. ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ರಸವನ್ನು 1922ರ ಜನವರಿ 11ರಂದು 14 ವರ್ಷದ ಲೆನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಚುಚ್ಚಲಾಯಿತು. ಆಗ ಅವನ ತೂಕ ಸುಮಾರು 30 ಕಿಲೋ. ರಕ್ತದ ಸಕ್ಕರೆ 440ರಿಂದ 320ಕ್ಕೆ ಇಳಿದು ಅಲ್ಲಿಗೇ ನಿಂತಿತು. ಸೂಜಿ ಚುಚ್ಚಿದ ಜಾಗದಲ್ಲಿ ಕೀವು ಬೇರೆ ಕಟ್ಟಿತು. ಜಗತ್ತಿನ ಮೊದಲ ಇನ್ಸುಲಿನ್ ಸೂಜಿಯ ಮೇಲೂ ‘ಶುಗರ್ ಇಳಿಯಲಿಲ್ಲ’ ಎಂಬ ದೂರೇ ಇತ್ತು! ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್ ಆ ರಸವನ್ನು ಶುದ್ಧಗೊಳಿಸಿದ. ಜನವರಿ 23ರಿಂದ ಮತ್ತೆ ಸೂಜಿ ಆರಂಭವಾಯಿತು. ಒಂದೇ ದಿನದಲ್ಲಿ ಸಕ್ಕರೆ 520ರಿಂದ 120ಕ್ಕೆ ಬಂತು. ಹುಡುಗ ಮುಂದೆ 13 ವರ್ಷ ಬದುಕಿದ.

ಸೂಜಿ ಸಿಕ್ಕಿತು, ಆದರೆ ಎಷ್ಟು, ಯಾವಾಗ ಎಂಬುದು ಉಳಿಯಿತು. ಆರೋಗ್ಯವಂತರ ದೇಹ ಪ್ರತಿ ತುತ್ತಿಗೂ ತಕ್ಕಷ್ಟು ಇನ್ಸುಲಿನ್ನನ್ನು ತಾನೇ ಬಿಡುತ್ತದೆ. ಸೂಜಿಯಿಂದ ಹೋದದ್ದಕ್ಕೆ ಊಟದ ಸುದ್ದಿ ತಿಳಿಯದು. ಬೋಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್ ಇದನ್ನು ಬೇಗ ಅರಿತು, ಅಳತೆ ಮತ್ತು ಪಥ್ಯದ ಪಾಠವನ್ನು ರೋಗಿಗಳಿಗೇ ಹೇಳಿಕೊಟ್ಟ. ಅಂದಿನ ಮನೆ ಪರೀಕ್ಷೆ ಎಂದರೆ ಬೆನೆಡಿಕ್ಟ್ ದ್ರಾವಣ. ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕುದಿಸಿದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಆದರೆ ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟುವವರೆಗೆ ಮೂತ್ರದಲ್ಲಿ ಅದು ಕಾಣುವುದಿಲ್ಲ. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಲೆಕ್ಕ ಹೇಳುವ ಗ್ಲೂಕೋಮೀಟರ್ ಬಂದ ಮೇಲೆ ಈ ಕುರುಡಾಟ ತಪ್ಪಿತು.

ಬೇಗ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಜೊತೆಗೆ 1936ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಮೀನಿನ ಪ್ರೋಟೀನು ಬೆರೆಸಿ ನಿಧಾನವಾಗಿ ಕೆಲಸ ಮಾಡುವುದನ್ನು ತಯಾರಿಸಿದ. ಇಂದು ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ‘30/70’ ಬಾಟಲಿಯಲ್ಲಿ ಎರಡೂ ಬಗೆ ಬೆರೆತಿವೆ. ದನ, ಹಂದಿಗಳ ಗ್ರಂಥಿಯನ್ನು ನಂಬಿದ್ದ ತಯಾರಿಕೆಯೂ ಬದಲಾಯಿತು. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಾದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟ್ ಬಳಸಿ ತಯಾರಿಸಿದ ‘ಇನ್ಸುಜೆನ್’ ಬಿಡುಗಡೆ ಮಾಡಿತು.

ಹೀಗೆ ಸಕ್ಕರೆಯನ್ನು ಬೆನ್ನಟ್ಟುವುದರಿಂದ ಲಾಭವೇನು ಎಂಬ ಸಂಶಯ ವೈದ್ಯರಲ್ಲೇ ದೀರ್ಘಕಾಲ ಇತ್ತು. ಅಮೆರಿಕ, ಕೆನಡಾಗಳ 1,441 ಟೈಪ್ 1 ರೋಗಿಗಳ ಮೇಲೆ ನಡೆದ ಅಧ್ಯಯನ 1993ರಲ್ಲಿ ಅದನ್ನು ನಿವಾರಿಸಿತು. ಬಿಗಿ ಹತೋಟಿಯಲ್ಲಿದ್ದವರಿಗೆ ಕಣ್ಣಿನ ಹಾನಿ ಉಂಟಾಗುವ ಸಂಭವ 76 ಶೇಕಡಾ ತಗ್ಗಿತ್ತು. ಜೊತೆಗೆ, ಸಕ್ಕರೆ ತೀರಾ ಕುಸಿಯುವ ಅಪಾಯ ಅವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಎರಡನ್ನೂ ನೆನಪಿಡಬೇಕು.

ಇಷ್ಟೆಲ್ಲ ಆದ ಮೇಲೂ ಇಳಿಯದ ಸಕ್ಕರೆಗೆ ಕಾರಣ ಕೆಲವೊಮ್ಮೆ ಸಿರಿಂಜಿನ ಮುಚ್ಚಳದ ಬಣ್ಣದಲ್ಲಿರುತ್ತದೆ. ಅನೇಕ ದೇಶಗಳು ಒಂದು ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ನಿಗೆ ಎಂದೋ ಬದಲಾದವು. ಭಾರತದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ 40 ಯೂನಿಟ್ಟಿನದು. ಪೆನ್ನಿನದು, ಕೆಲವು ಬಾಟಲಿಗಳದು 100. ಸಿರಿಂಜುಗಳೂ ಬೇರೆ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು ಬರೀ 8 ಯೂನಿಟ್. ಹೀಗಾದರೆ ಸಕ್ಕರೆ ಎಲ್ಲಿಂದ ಇಳಿಯಬೇಕು? ತಿರುವುಮುರುವಾದರೆ ಇನ್ನೂ ಕೇಡು: 20 ಎಂದುಕೊಂಡದ್ದು 50 ಯೂನಿಟ್ ಆಗಿ ಜೀವಕ್ಕೇ ಸಂಚಕಾರ ಬರುತ್ತದೆ. ಅಂಗಡಿಯಲ್ಲಿ ಸಿರಿಂಜು ಕೇಳುವಾಗ ಬಾಟಲಿಯನ್ನೂ ತೋರಿಸುವುದು ಒಳ್ಳೆಯದು.

ಬಿಸಿಲು ಇನ್ನೊಂದು ಶತ್ರು. ಬೀದರ್ ಜಿಲ್ಲೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಬಾಟಲಿ ನೋಡಲು ಚೆನ್ನಾಗಿಯೇ ಇದ್ದು, ಸತ್ವ ಕಳೆದುಕೊಂಡಿರಬಹುದು. ಫ್ರಿಜ್ ಇಲ್ಲದ ಮನೆಗಳಲ್ಲಿ ನೀರು ಚಿಮುಕಿಸಿದ ಮಣ್ಣಿನ ಗಡಿಗೆಯಲ್ಲಿ ಇಡುವ ರೂಢಿಯಿದೆ. ಪರೀಕ್ಷೆಗಳಲ್ಲೂ ಅದು ಉಪಯುಕ್ತವೆಂದು ಕಂಡಿದೆ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಇನ್ಸುಲಿನ್ ಮಾತ್ರ ಎಸೆಯಲೇಬೇಕು.

ಹೊಟ್ಟೆಯ ಒಂದೇ ಜಾಗಕ್ಕೆ ವರ್ಷಗಟ್ಟಲೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ. ನೋವು ಕಡಿಮೆ ಎಂದು ಅಲ್ಲೇ ಚುಚ್ಚಿಕೊಳ್ಳುವವರು ಅನೇಕ. ಗಂಟಿನೊಳಗೆ ಹೋದ ಔಷಧಿ ಒಮ್ಮೆ ಹೀರುತ್ತದೆ, ಒಮ್ಮೆ ಇಲ್ಲ. ಬಿಳಿ ಬಣ್ಣದ ಮಿಶ್ರ ಇನ್ಸುಲಿನ್ನನ್ನು ಅಂಗೈಗಳ ನಡುವೆ ಉರುಳಿಸದೆ ಎಳೆದರೂ ಅಳತೆ ಕೆಡುತ್ತದೆ. ಮಾನವ ಇನ್ಸುಲಿನ್ನನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬೇಕು. ತಾಟಿನ ಮುಂದೆ ಕುಳಿತ ಮೇಲೆ ನೆನಪಾದರೆ ಊಟದ ಸಕ್ಕರೆ ಮುಂದೆ, ಔಷಧಿ ಹಿಂದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂರುವ ದಿನ ಈ ಲೆಕ್ಕ ತಪ್ಪುವುದು ಸಹಜ.

ಸಕ್ಕರೆ ಏರಿತೆಂದು ಗಾಬರಿಯಾಗಿ ಎರಡು ಗಂಟೆಗೊಮ್ಮೆ ತಾವೇ ಸೂಜಿ ಹೆಚ್ಚಿಸುವವರೂ ಇದ್ದಾರೆ. ಮೊದಲಿನದರ ಕೆಲಸ ಇನ್ನೂ ಮುಗಿದಿರುವುದಿಲ್ಲ. ಎಲ್ಲವೂ ಸೇರಿ ನಡುರಾತ್ರಿ ಬೆವರು, ನಡುಕ, ಪ್ರಜ್ಞೆ ತಪ್ಪುವುದು. ಪ್ರಮಾಣ ಬದಲಿಸುವ ಮುನ್ನ ವೈದ್ಯರು ಕೇಳುವುದು ನಾಲ್ಕಾರು ದಿನದ ಅಂಕಿಗಳನ್ನು: ಬರಿ ಹೊಟ್ಟೆಯದು, ಊಟದ ನಂತರದ್ದು, ಮಲಗುವ ಮುಂಚಿನದು.

ಎಲ್ಲಕ್ಕಿಂತ ಅಪಾಯದ ತಪ್ಪು ಜ್ವರ, ವಾಂತಿಯ ದಿನಗಳಲ್ಲಿ ಆಗುತ್ತದೆ. ‘ಊಟವೇ ಇಲ್ಲ, ಸೂಜಿ ಯಾಕೆ’ ಎಂದು ನಿಲ್ಲಿಸಿಬಿಡುತ್ತಾರೆ. ಜ್ವರದಲ್ಲಿ ದೇಹ ತಾನೇ ಸಕ್ಕರೆ ಸುರಿಸುತ್ತದೆ. ಇನ್ಸುಲಿನ್ ಇಲ್ಲದೆ ಕೊಬ್ಬು ಕರಗಿ ರಕ್ತದಲ್ಲಿ ಆಮ್ಲ ತುಂಬುತ್ತದೆ. ಟೊರಾಂಟೊದ ಆ ಹುಡುಗನಿಗಿಂತ ಮೊದಲು ಮಕ್ಕಳನ್ನು ಕೊಲ್ಲುತ್ತಿದ್ದುದು ಇದೇ ಸ್ಥಿತಿ. ಸಕ್ಕರೆ 300ರ ಆಸುಪಾಸಿದ್ದು ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಹಣ್ಣಿನ ವಾಸನೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಳಸುತ್ತಿದ್ದ ಬಾಟಲಿ, ಸಿರಿಂಜು ಎರಡನ್ನೂ ಜೊತೆಗೆ ಒಯ್ದರೆ ವೈದ್ಯರ ಕೆಲಸ ಹಗುರವಾಗುತ್ತದೆ.